ಜಗತ್ತಿನ ಸಿನಿಮಾ ನೋಡೋಕೆ ಇಂಗ್ಲಿಷ್ ಯಾಕ್ ಬರಬೇಕು ಸ್ವಾಮಿ?

ಬರೆಯದೆ ತುಂಬಾ ದಿನ ಆಗಿತ್ತು. ಕೆಲಸ, ಓಡಾಟ, ಸೋಮಾರಿತನ... ಯಾವ ಕಾರಣ ಬೇಕಾದ್ರೂ ಇಟ್ಕೊಳ್ಳಿ. ಇವತ್ತು ಬರೀತಿರೋದು ಮಾತ್ರ ಸಿಟ್ಟಿನಿಂದ. ಅರ್ಧ ಸಿಟ್ಟು ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೇ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಹೋದ ತಿಂಗಳು ಬೈರಾಪಟ್ಟಣದಿಂದ ಅಪ್ಪ ಬಂದಿದ್ರು. ನಮ್ಮೂರು ಚನ್ನಪಟ್ಟಣ ತಾಲ್ಲೂಕು. (ಜಿಲ್ಲೆ ಯಾವುದು ಅಂತ ಕೇಳಬೇಡಿ. ನಾನು ಸ್ಕೂಲಲ್ಲಿದ್ದಾಗ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಊರು ಮಾತ್ರ ಇದ್ದಲ್ಲೇ ಇದೆ :-) ) ಅಪ್ಪ ಲಾರಿ ಡ್ರೈವರ್ ಆಗಿದ್ದವರು. ಮೊದಲು ಕನಕಪುರದ ಕಡೆ ಕ್ವಾರಿಗಳಿಂದ ಕಲ್ಲು, ಜಲ್ಲಿ ಹೊಡೀತಿದ್ರು. ಆಮೇಲೆ ಮಂಗಳೂರಿಂದ ಶಿರಾಡಿ ಘಾಟಿ ಹತ್ತಿಸಿ ಡೀಸೆಲ್ ಟ್ಯಾಂಕರ್ ತರ್ತಿದ್ರು. ಓದಿದ್ದು ಐದನೇ ಕ್ಲಾಸು. ಆದ್ರೆ ಲಾರಿ ಸೀಟಿನ ಹಿಂದೆ ಯಾವಾಗಲೂ ಒಂದು ಪತ್ತೇದಾರಿ ಕಾದಂಬರಿ ಇರ್ತಿತ್ತು. ಎನ್. ನರಸಿಂಹಯ್ಯನವರದ್ದು ಅಂದ್ರೆ ಪ್ರಾಣ. ಲೋಡ್ ಆಗೋಷ್ಟರಲ್ಲಿ ಒಂದು ಪುಸ್ತಕ ಮುಗೀತಿತ್ತು. ನಾನು ಕನ್ನಡ ಓದೋ ಹುಚ್ಚು ಹಚ್ಚಿಕೊಂಡಿದ್ದು ಕುವೆಂಪು, ಕಾರಂತರಿಂದ ಅಂತ ಹೇಳ್ಕೊಳ್ಳೋಕೆ ಆಸೆ. ನಿಜ ಏನಂದ್ರೆ, ಎಣ್ಣೆ ಕಲೆ ಆಗಿದ್ದ ಆ ಪುಸ್ತಕಗಳಿಂದ.

ಅವತ್ತು ಭಾನುವಾರ ಬೆಂಗಳೂರಿನ ಒಂದು ಚಿತ್ರಸಮಾಜದಲ್ಲಿ ಫ್ರೆಂಚ್ ಸಿನಿಮಾ ಇತ್ತು. ಆನ್ರಿ ಜಾರ್ಜ್ ಕ್ಲೂಜೋ 1953ರಲ್ಲಿ ಮಾಡಿದ 'ದಿ ವೇಜಸ್ ಆಫ್ ಫಿಯರ್'. ಜಾರ್ಜ್ ಅರ್ನೋ ಅನ್ನುವವನು 1950ರಲ್ಲಿ ಬರೆದ ಕಾದಂಬರಿಯ ಮೇಲೆ ಮಾಡಿದ್ದು. ಆ ಕಾದಂಬರಿಕಾರನ ಕಥೆಯೇ ಒಂದು ಪತ್ತೇದಾರಿ. ಅವನ ನಿಜವಾದ ಹೆಸರು ಆನ್ರಿ ಜಿರಾರ್. 1941ರಲ್ಲಿ ಅವನ ಅಪ್ಪ, ಅತ್ತೆ, ಕೆಲಸದಾಕೆ ಮೂವರೂ ಅವರ ಮನೆಯಲ್ಲೇ ಕೊಲೆಯಾದ್ರು. ಆರೋಪ ಇವನ ಮೇಲೆ ಬಂತು. 1943ರಲ್ಲಿ ಖುಲಾಸೆಯಾಯ್ತು. ಆಮೇಲೆ ದಕ್ಷಿಣ ಅಮೆರಿಕಕ್ಕೆ ಹೋಗಿ ಅಲೆದು, ವಾಪಸ್ ಬಂದು ಈ ಕಾದಂಬರಿ ಬರೆದ. ಸಿನಿಮಾಕ್ಕೆ 1953ರಲ್ಲಿ ಕಾನ್ ಉತ್ಸವದ ದೊಡ್ಡ ಬಹುಮಾನ ಬಂತು, ಬರ್ಲಿನ್ನಿನದ್ದೂ ಬಂತು.

ಕಥೆ ಇಷ್ಟೇ. ದಕ್ಷಿಣ ಅಮೆರಿಕದ ಒಂದು ಕೊಂಪೆ ಊರು. ಎಲ್ಲೆಲ್ಲಿಂದಲೋ ಬಂದು ಅಲ್ಲಿ ಸಿಕ್ಕಿಹಾಕಿಕೊಂಡಿರೋ ಗಂಡಸರು. ವಾಪಸ್ ಹೋಗೋಣ ಅಂದ್ರೆ ವಿಮಾನಕ್ಕೆ ದುಡ್ಡಿಲ್ಲ, ಕೆಲಸವೂ ಇಲ್ಲ. ದೂರದಲ್ಲಿ ಅಮೆರಿಕದ ಕಂಪನಿಯ ಎಣ್ಣೆಬಾವಿಗೆ ಬೆಂಕಿ ಬೀಳುತ್ತೆ. ಅದನ್ನ ಆರಿಸೋಕೆ ನೈಟ್ರೋಗ್ಲಿಸರಿನ್ ಬೇಕು. ಒಂದು ಸಣ್ಣ ಕುಲುಕಾಟ ಸಾಕು, ಲಾರಿ ಸಮೇತ ಎಲ್ಲಾ ಬೂದಿ. ಕಂಪನಿ ತನ್ನ ಕಾಯಂ ನೌಕರರನ್ನ ಕಳಿಸಲ್ಲ. ಗತಿ ಇಲ್ಲದ ನಾಲ್ವರನ್ನ, ತಲಾ ಎರಡು ಸಾವಿರ ಡಾಲರಿಗೆ, ಎರಡು ಲಾರಿಯಲ್ಲಿ ಕಳಿಸುತ್ತೆ.

ಲಾರಿ! ಡ್ರೈವರು! ಕೆಟ್ಟ ರಸ್ತೆ! ಇದು ಅಪ್ಪನಿಗಾಗಿಯೇ ಮಾಡಿದ ಸಿನಿಮಾ ಅನ್ನಿಸ್ತು. "ಅಪ್ಪಾ, ಬನ್ನಿ, ಒಂದು ಲಾರಿ ಸಿನಿಮಾ ಇದೆ" ಅಂದೆ. ಇಸ್ತ್ರಿ ಮಾಡಿದ ಬಿಳಿ ಷರ್ಟ್ ಹಾಕ್ಕೊಂಡು ಹೊರಟೇಬಿಟ್ರು.

ಮೊದಲ ಒಂದು ಗಂಟೆ ಲಾರಿ ಹೊರಡೋದೇ ಇಲ್ಲ. ಪೂರ್ತಿ ಮಾತು. ಯಾಕೆ ಇವರು ಇಲ್ಲಿದ್ದಾರೆ, ಯಾರಿಗೆ ಯಾರ ಮೇಲೆ ಅಸೂಯೆ, ಯಾಕೆ ಸಾವಿಗೆ ಹೆದರೋರೂ ಈ ಕೆಲಸಕ್ಕೆ ಕ್ಯೂ ನಿಲ್ತಾರೆ, ಎಲ್ಲಾ ಮಾತಲ್ಲೇ ಇರೋದು. ಆಮೇಲಿನ ಒಂದೂವರೆ ಗಂಟೆಯ ಭಯ ಪೂರ್ತಿ ಈ ಮೊದಲ ಗಂಟೆಯ ಮೇಲೆ ನಿಂತಿದೆ. ಪಾತ್ರಗಳು ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್ ಎಲ್ಲಾ ಆಡ್ತಾರೆ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್.

ನಾನು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿ ಹೇಳ್ತಾ ಹೋದೆ. "ಇವನಿಗೆ ಪ್ಯಾರಿಸ್ಸಿಗೆ ಹೋಗೋಕೆ ದುಡ್ಡಿಲ್ಲ... ಈ ಮುದುಕನಿಗೂ ಅದೇ ಊರು..." ಐದು ನಿಮಿಷ ಆಗಿರಬೇಕು. ಮುಂದಿನ ಸಾಲಿನಿಂದ ಒಬ್ಬರು ತಿರುಗಿ "ಶ್ಶ್!" ಅಂದ್ರು. ಮತ್ತೆ ಎರಡು ನಿಮಿಷಕ್ಕೆ ಇನ್ನೊಬ್ಬರು, "ಸರ್, ಪ್ಲೀಸ್, ನಾವೂ ಸಿನಿಮಾ ನೋಡಬೇಕು" ಅಂದ್ರು. ಅವರದ್ದೇನೂ ತಪ್ಪಿಲ್ಲ. ಪಿಸುಮಾತು ನನಗೂ ಕಿರಿಕಿರಿಯೇ. ನಾನು ಸುಮ್ಮನಾದೆ.

ಅಲ್ಲೇ ನೋಡಿ ನನ್ನ ಮೇಲೆ ನನಗೆ ಸಿಟ್ಟು. ಮರ್ಯಾದೆಗೆ ಅಂಜಿ ನಾನು ಸುಮ್ಮನಾದೆ. ಎರಡು ಗಂಟೆಗೂ ಹೆಚ್ಚು ಹೊತ್ತು ಅಪ್ಪ ಕತ್ತಲಲ್ಲಿ ಒಬ್ಬರೇ ಕೂತಿದ್ರು, ನಾನು ಪಕ್ಕದಲ್ಲೇ ಇದ್ದೆ.

ಲಾರಿ ಹೊರಟ ಮೇಲೆ ಅಪ್ಪ ಮುಂದಕ್ಕೆ ಬಾಗಿದ್ರು. ಗೇರ್ ಬದಲಾದಾಗ ಅಪ್ಪನ ಎಡಗಾಲು ಅಲ್ಲಾಡ್ತಿತ್ತು, ಸತ್ಯವಾಗ್ಲೂ. ಅಲೆ ಅಲೆಯಾಗಿ ಎದ್ದ ಮಣ್ಣಿನ ರಸ್ತೆ ಬರುತ್ತೆ. ಅದರಲ್ಲಿ ಒಂದೋ ತೀರಾ ನಿಧಾನ ಹೋಗಬೇಕು, ಇಲ್ಲ ಜೋರಾಗಿ ಹೋಗಬೇಕು, ನಡುವಿನ ವೇಗದಲ್ಲಿ ಹೋದ್ರೆ ಕುಲುಕಿ ಸಾವು. ಅಪ್ಪನಿಗೆ ಇದನ್ನ ಯಾರೂ ಹೇಳಬೇಕಾಗಿರಲಿಲ್ಲ. ಬೆಟ್ಟದ ತಿರುವಲ್ಲಿ ಕೊಳೆತ ಮರದ ಅಟ್ಟಣೆ ಮೇಲೆ ಲಾರಿ ರಿವರ್ಸ್ ತಗೊಳ್ಳುವಾಗ ನನ್ನ ಕೈ ಹಿಡ್ಕೊಂಡುಬಿಟ್ರು. ನಾನು ದೊಡ್ಡವನಾದ ಮೇಲೆ ಅಪ್ಪ ನನ್ನ ಕೈ ಹಿಡಿದಿದ್ದು ಅದೇ ಮೊದಲು.

ಅವತ್ತೇ ರಾತ್ರಿ ಅಪ್ಪನ್ನ ಊರಿಗೆ ಬಿಡೋಕೆ ಬಸ್ಸಲ್ಲಿ ಹೊರಟೆ. ಬಿಡದಿ ದಾಟೋವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದ್ರು: "ಅಲ್ಲ ಕಣ್ಲಾ, ಆ ಮುದ್ಕ ಸಾಯೋ ಟೈಮಲ್ಲಿ ಅಷ್ಟೊತ್ತು ಅದೇನೋ ಹೇಳ್ತಿದ್ನಲ್ಲ, ಏನ್ಲಾ ಅದು?"

(ಎಪ್ಪತ್ತು ವರ್ಷ ದಾಟಿದ ಸಿನಿಮಾ, ಕಥೆ ಹೇಳಿಬಿಟ್ಟ ಅಂತ ಬಯ್ಯಬೇಡಿ.) ಎಣ್ಣೆ ತುಂಬಿದ ಹಳ್ಳದಲ್ಲಿ ಲಾರಿ ನಿಂತುಹೋಗಬಾರದು ಅಂತ ಮಾರಿಯೋ ತನ್ನ ಜೊತೆಗಾರ ಜೋನ ಕಾಲ ಮೇಲೇ ಗಾಲಿ ಹತ್ತಿಸ್ತಾನೆ. ಆಮೇಲೆ ಅವನನ್ನ ಪಕ್ಕಕ್ಕೆ ಕೂರಿಸಿಕೊಂಡು ಓಡಿಸ್ತಾನೆ. ಅವನು ಕಣ್ಣು ಮುಚ್ಚಬಾರದು ಅಂತ ಇಬ್ಬರಿಗೂ ಗೊತ್ತಿರೋ ಪ್ಯಾರಿಸ್ಸಿನ ಒಂದು ಬೀದಿ ನೆನಪಿಸ್ತಾನೆ. ಆ ಬೀದಿಯಲ್ಲಿ ಒಂದು ಬೇಲಿ ಇತ್ತು, ಅದರ ಹಿಂದೆ ಏನಿತ್ತು ಅನ್ನೋ ಮಾತು ಬರುತ್ತೆ. ಸಾಯೋ ಗಳಿಗೇಲಿ ಮುದುಕ, ಅದರ ಹಿಂದೆ ಏನೂ ಇಲ್ಲ ಅಂತಾನೆ. ಅಷ್ಟೇ, ಮುಗೀತು.

ನಾನು ಇದನ್ನ ನಮ್ಮೂರ ಮಾತಲ್ಲೇ ಹೇಳಿದೆ. ಅಪ್ಪ ಕಿಟಕಿ ಕಡೆ ನೋಡ್ತಾ ಕೂತ್ರು. ರಾಮನಗರ ಬಂತು, ಹೋಯ್ತು. ಆಮೇಲೆ ಒಂದೇ ಮಾತು ಅಂದ್ರು: "ಇದ್ನ ಅವಾಗ್ಲೇ ಹೇಳಿದ್ರೆ ಏನ್ ಹೋಗ್ತಿತ್ಲಾ?"

ಈ ಪ್ರಶ್ನೆ ನನಗೊಬ್ಬನಿಗಲ್ಲ. ಬೆಂಗಳೂರಲ್ಲಿ ಕೂತು ಜಗತ್ತಿನ ಸಿನಿಮಾ ತೋರಿಸೋ ಎಲ್ಲರಿಗೂ, ಅದನ್ನ ನೋಡಿ ಬಂದು ಕನ್ನಡದಲ್ಲಿ ಉದ್ದುದ್ದ ಬರೆಯೋ ನಮಗೆಲ್ಲರಿಗೂ ಸೇರಿದ್ದು. ಅವಾಗ್ಲೇ, ಆ ಪರದೆ ಮೇಲೇ, ಕನ್ನಡದಲ್ಲಿ ಹೇಳಿದ್ರೆ ಏನ್ ಹೋಗ್ತಿತ್ತು?

ಇದನ್ನ ಎತ್ತಿದಾಗೆಲ್ಲಾ ಸಿಗೋ ಉತ್ತರಗಳು ನನಗೆ ಬಾಯಿಪಾಠ. ಒಂದೊಂದಾಗಿ ತಗೊಳ್ಳೋಣ.

ಮೊದಲನೇದು: "ಸಿನಿಮಾಕ್ಕೆ ಭಾಷೆ ಇಲ್ಲ ಸಾರ್, ದೃಶ್ಯವೇ ಭಾಷೆ." ಕೇಳೋಕೆ ಚೆನ್ನಾಗಿದೆ. ಹಾಗಾದ್ರೆ ಇಂಗ್ಲಿಷ್ ಸಬ್‌ಟೈಟಲ್ ಯಾಕೆ ಹಾಕ್ತೀರಿ? ತೆಗೆದುಬಿಡಿ, ಎಲ್ಲರೂ ಸಮ ಆಗೋಣ. ಹಾಲ್‌ನಲ್ಲಿ ಎಷ್ಟು ಜನ ಉಳೀತಾರೆ ನೋಡೋಣ. ಅಪ್ಪನಿಗೆ ಗೇರು, ತಿರುವು, ಬೆವರು ಅರ್ಥ ಆಯ್ತು. ಆದ್ರೆ ಆ ಮನುಷ್ಯರು ಯಾಕೆ ಆ ಲಾರಿ ಹತ್ತಿದ್ರು ಅನ್ನೋದು ಅರ್ಥ ಆಗಲಿಲ್ಲ. ಅದು ಗೊತ್ತಾಗದಿದ್ರೆ ಉಳಿಯೋದು ಸರ್ಕಸ್ಸು ಮಾತ್ರ.

ಎರಡನೇದು: "ಇಂಥ ಸಿನಿಮಾಕ್ಕೆ ಬರೋರಿಗೆಲ್ಲಾ ಇಂಗ್ಲಿಷ್ ಬರುತ್ತೆ." ಹೌದು ಸ್ವಾಮಿ, ಬರದೇ ಇರೋರು ಯಾಕೆ ಬರ್ತಾರೆ? ಬಾಗಿಲಿಗೆ ಬೀಗ ಹಾಕಿ, ಒಳಗಿರೋರನ್ನ ಎಣಿಸಿ, ಹೊರಗಡೆ ಯಾರೂ ಇಲ್ಲ ಅಂದಂಗಾಯ್ತು.

ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು: "ಹಳ್ಳಿಯೋರಿಗೆ ಇದೆಲ್ಲಾ ರುಚಿಸಲ್ಲ." 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದ್ರು. ಅಡಿಕೆ ತೋಟದ ಊರಲ್ಲಿ ಕುರೊಸಾವಾ, ಸತ್ಯಜಿತ್ ರೇ ತೋರಿಸಿದ್ರು, ಕನ್ನಡದಲ್ಲೇ ಚರ್ಚೆ ಮಾಡಿಸಿದ್ರು. ಪುಣೆಯಿಂದ ಸತೀಶ್ ಬಹಾದ್ದೂರ್ ಅಂಥವರು ಬಂದು ಸಿನಿಮಾ ನೋಡೋದನ್ನ ಕಲಿಸಿಕೊಟ್ರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂದಾಗ ನಾವೆಲ್ಲಾ ಹೆಮ್ಮೆ ಪಟ್ವಿ. ಜಗತ್ತಿನ ಕಲೆ ಕನ್ನಡದ ಮೂಲಕ ಹಳ್ಳಿಗೆ ಬರಬೇಕು ಅನ್ನೋದೇ ಅಲ್ಲಿನ ಕೆಲಸದ ತಿರುಳು. ಆ ಹೆಮ್ಮೆ ಇಟ್ಕೊಂಡ್ವಿ, ಆ ಕೆಲಸವನ್ನ ಬೆಂಗಳೂರಿಗೆ ತರಲಿಲ್ಲ.

ರುಚಿಯ ವಿಷಯಕ್ಕೇ ಬಂದ್ರೆ, ಥ್ರಿಲ್ಲರ್ ಕನ್ನಡದವರಿಗೆ ಹೊಸದಾ? ನಾಲ್ಕನೇ ಕ್ಲಾಸು ಓದಿದ್ದ ನರಸಿಂಹಯ್ಯನವರು 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನಿಂದ ಶುರು ಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ್ರು. ನಾವು ನವೆಂಬರ್ ಒಂದಕ್ಕೆ ಹಾರಿಸೋ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಯಂಡಮೂರಿಯ 'ತುಳಸಿದಳ' ತೆಲುಗಿಂದ ಬಂದು ಇಲ್ಲಿ ಮನೆಮನೆ ನಿದ್ದೆ ಕೆಡಿಸಿತು, 1985ರಲ್ಲಿ ಕನ್ನಡ ಸಿನಿಮಾನೂ ಆಯ್ತು. ತೇಜಸ್ವಿಯವರ 'ಜುಗಾರಿ ಕ್ರಾಸ್' ಓದಿ ಬೆವರದೋರು ಯಾರು? ಹೊರಗಿನ ಭಾಷೆಯ ರೋಚಕ ಕಥೆಯನ್ನ ಕನ್ನಡಕ್ಕೆ ತರೋದೂ ಹೊಸದಲ್ಲ. ಬಿ. ವೆಂಕಟಾಚಾರ್ಯರು ನೂರು ವರ್ಷಕ್ಕೂ ಹಿಂದೆ ಬಂಗಾಳಿ ಕಲಿತು, ಒಬ್ಬರೇ ಕೂತು, ರಾಶಿ ಕಾದಂಬರಿಗಳನ್ನ ಕನ್ನಡಕ್ಕೆ ತಂದ್ರು. ಅವರೇನಾದ್ರೂ "ಇಂಥವನ್ನ ಓದೋರಿಗೆ ಇಂಗ್ಲಿಷ್ ಬರುತ್ತಲ್ಲ" ಅಂತ ಕೂತಿದ್ರೆ?

ಈ ಸಿನಿಮಾದ ವಿಷಯ ನಮ್ಮದಲ್ಲ ಅಂತೀರಾ? ನಮ್ಮ ಕಡೆ ಬನ್ನಿ. ಕನಕಪುರ, ಮಾಗಡಿ, ರಾಮನಗರದ ಬಂಡೆಗಳಿಗೆ ಕುಳಿ ಹೊಡೆದು ಮದ್ದು ತುಂಬೋರು ಯಾರು? ಕಂಪನಿಯ ಕಾಯಂ ನೌಕರರಲ್ಲ. ಡೈನಮೈಟಿನ ಮೂಲ ಸರಕೇ ಆ ನೈಟ್ರೋಗ್ಲಿಸರಿನ್. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸಿಡಿಮದ್ದು ಲಾರಿ ಸಮೇತ ಸಿಡಿದು ಕೂಲಿಕಾರರು ಸತ್ತರು. ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಮತ್ತೆ ಸತ್ತರು. ಕ್ಲೂಜೋ ಈ ಕಥೇನ ದಕ್ಷಿಣ ಫ್ರಾನ್ಸಿನಲ್ಲಿ ಶೂಟ್ ಮಾಡಿದ. ಆದ್ರೆ ಅದು ನಡೆಯೋದು ನಮ್ಮ ಊರಲ್ಲಿ. ಅಪ್ಪ ಬಸ್ಸಲ್ಲಿ ಆಮೇಲೆ ಹೇಳಿದ್ದೂ ಅದೇ, ಕ್ವಾರಿಗೆ ಮದ್ದು ತರೋ ಗಾಡಿ ಬಂದ್ರೆ ಉಳಿದ ಡ್ರೈವರುಗಳು ಬೀಡಿ ಆರಿಸಿ ದೂರ ಹೋಗಿ ನಿಲ್ತಿದ್ರಂತೆ. ಈ ಸಿನಿಮಾದ ಬಗ್ಗೆ ಚರ್ಚೆ ಮಾಡೋ ಯೋಗ್ಯತೆ ಆ ಹಾಲ್‌ನಲ್ಲಿ ಯಾರಿಗಾದ್ರೂ ಇದ್ದಿದ್ರೆ ಅದು ಅವರಿಗೆ. ಆದ್ರೆ ಸಿನಿಮಾ ಮುಗಿದ ಮೇಲಿನ ಚರ್ಚೆ ಇಂಗ್ಲಿಷಲ್ಲಿ ಇತ್ತು. ಅಪ್ಪ ಹೊರಗೆ ನಿಂತು ಟೀ ಕುಡೀತಿದ್ರು.

ಇನ್ನೊಂದು ತಮಾಷೆ ನೋಡಿ. ಜಗತ್ತಿನ ಕ್ಯಾಮೆರಾಗಳಿಗೆ ನಮ್ಮ ಬಂಡೆ ಬೇಕು. 1975ರ 'ಶೋಲೆ'ಗೆ ರಾಮನಗರದ ಬೆಟ್ಟ ಬೇಕಾಯ್ತು. ಡೇವಿಡ್ ಲೀನ್ ಫಾರ್‌ಸ್ಟರನ ಕಾದಂಬರಿ ಹಿಡಿದು 1984ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ಮಾಡಿದಾಗ ಮರಾಬರ್ ಗುಹೆಗಳಿಗೆ ಮಾಗಡಿಯ ಸಾವನದುರ್ಗ ಬೇಕಾಯ್ತು. ಸಿನಿಮಾದವರು ಬಂದು ನಮ್ಮ ಕಲ್ಲನ್ನ ನೋಡ್ಕೊಂಡು ಹೋದ್ರು. ಆ ಕಲ್ಲಿನ ಪಕ್ಕ ಇರೋರು ಜಗತ್ತಿನ ಸಿನಿಮಾ ನೋಡೋಕೆ ಮಾತ್ರ ಇಂಗ್ಲಿಷ್ ಕಲಿತು ಬರಬೇಕು.

ಈಗ ಮುಜುಗರದ ಮಾತಿಗೆ ಬರ್ತೀನಿ. 2000ದ ದಶಕದಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ಎಷ್ಟೆಲ್ಲಾ ಕಿತ್ತಾಡಿದ್ವಿ, ನೆನಪಿದೆಯಾ? 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ಕಾನೂನಿಗೆ ವಿರುದ್ಧ ಅಂತು. 2017ರಲ್ಲಿ ಡಬ್ ಆದ ಸಿನಿಮಾ ಮತ್ತೆ ತೆರೆಗೆ ಬಂತು. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಂತು. ಅಂದ್ರೆ ಸಾವಿರಾರು ಕೋಟಿಯ ಹಾಲಿವುಡ್ ಕಂಪನಿಗೆ ಕನ್ನಡದ ನೋಡುಗ ಬೇಕು. ಮಾರುಕಟ್ಟೆಯನ್ನ ಬೆಳಗಿಂದ ಸಂಜೆವರೆಗೂ ಬಯ್ಯೋ ನಮ್ಮ ಕಲಾತ್ಮಕ ಸಿನಿಮಾ ಲೋಕಕ್ಕೆ ಬೇಡ! ವ್ಯಾಪಾರಕ್ಕೆ ಬೇಕಾದ ಕನ್ನಡ ಕಲೆಗೆ ಯಾಕೆ ಬೇಡವಾಯ್ತು? ನನಗೆ ಇದಕ್ಕಿಂತ ನಾಚಿಕೆಯ ವಿಷಯ ಬೇರೆ ಕಾಣ್ತಿಲ್ಲ.

ಕಾಸರವಳ್ಳಿಯವರ 'ಘಟಶ್ರಾದ್ಧ' ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ಸಿನಲ್ಲಿ ತೋರಿಸಿದ್ರು. ಖುಷಿ ಪಟ್ವಿ. ಆ ಉತ್ಸವದಲ್ಲಿ ಹೊರಗಿನ ಸಿನಿಮಾಗಳಿಗೆ ಇಟಾಲಿಯನ್ ಸಬ್‌ಟೈಟಲ್ಲೂ ಇರುತ್ತೆ. ತಮ್ಮೂರಿನ ಜನ ತಮ್ಮ ಭಾಷೆಯಲ್ಲಿ ಓದಿ ನೋಡಲಿ ಅನ್ನೋದು ಅವರಿಗೆ ಚರ್ಚೆಯ ವಿಷಯವೇ ಅಲ್ಲ. ಬೆಂಗಳೂರಿನ ಅಂತರರಾಷ್ಟ್ರೀಯ ಉತ್ಸವ 2006ರಲ್ಲಿ ಶುರುವಾಯ್ತು, ಅದಕ್ಕೆ ಸರ್ಕಾರದ ದುಡ್ಡು, ಅಂದ್ರೆ ಅಪ್ಪ ಹಾಕಿಸಿದ ಡೀಸೆಲ್ಲಿನ ತೆರಿಗೆಯೂ ಸೇರಿದೆ. ಅಲ್ಲಿ ನಾನು ನೋಡಿದ ಹೊರದೇಶದ ಸಿನಿಮಾಗಳಲ್ಲಿ ಒಂದಕ್ಕೂ ಕನ್ನಡದ ಸಾಲು ಕಂಡಿಲ್ಲ.

"ಖರ್ಚು ಎಷ್ಟಾಗುತ್ತೆ ಗೊತ್ತಾ?" ಅಂತೀರಿ. ಡಬ್ಬಿಂಗಿಗೆ ಖರ್ಚಿದೆ, ಒಪ್ಪಿದೆ. ಕಂಠ ಬೇಕು, ಸ್ಟುಡಿಯೋ ಬೇಕು. ಸಬ್‌ಟೈಟಲ್ ಅನ್ನೋದು ಬರೀ ಅಕ್ಷರದ ಕಡತ. ಸಾಲಿನ ಸಂಖ್ಯೆ, ಶುರುವಾಗೋ ಹೊತ್ತು, ಮುಗಿಯೋ ಹೊತ್ತು, ಮಾತು. ನೋಟ್‌ಪ್ಯಾಡಲ್ಲಿ ತೆರೆದು ಯೂನಿಕೋಡಲ್ಲಿ ಟೈಪ್ ಮಾಡಿ ಉಳಿಸಿದ್ರೆ ಆಯ್ತು. ನಾವು ದಿನಾ ಮಾಡೋ ಕೆಲಸವೇ ಅದು! ಒಂದು ಸಿನಿಮಾಕ್ಕೆ ಹೆಚ್ಚುಕಮ್ಮಿ ಸಾವಿರದಿಂದ ಒಂದೂವರೆ ಸಾವಿರ ಸಾಲು. ಹತ್ತು ಜನ ಹಂಚಿಕೊಂಡ್ರೆ ತಲೆಗೆ ನೂರೈವತ್ತು. ಒಂದು ಉದ್ದದ ಜಗಳದಲ್ಲಿ ನಾವು ಅದಕ್ಕಿಂತ ಹೆಚ್ಚು ಬರೀತೀವಿ :-) ಇಂಗ್ಲಿಷ್ ಸಾಲು ಚಿತ್ರದೊಳಗೇ ಅಚ್ಚಾಗಿದ್ರೂ ಪರವಾಗಿಲ್ಲ. ಪರದೆಯ ಕೆಳಗೆ ಇನ್ನೊಂದು ಸಣ್ಣ ಪ್ರೊಜೆಕ್ಟರಿಂದ ಕನ್ನಡ ಬಿಡಬಹುದು, ಒಬ್ಬರು ಕೂತು ಬಟನ್ ಒತ್ತುತ್ತಾ ಹೋದ್ರೆ ಸಾಕು. ಎಷ್ಟೋ ಉತ್ಸವಗಳಲ್ಲಿ ಹೀಗೇ ಮಾಡ್ತಾರೆ.

ಪಕ್ಕದ ಮಲಯಾಳಿಗಳನ್ನ ನೋಡಿ. ಎಂಸೋನ್ ಅಂತ ಒಂದು ಗುಂಪು 2012ರಲ್ಲಿ ಶುರುವಾಯ್ತು. ಯಾರೂ ಸಂಬಳಕ್ಕೆ ಕೂತೋರಲ್ಲ. ಇರಾನಿ, ಕೊರಿಯನ್, ಫ್ರೆಂಚ್, ಏನು ಸಿಕ್ಕಿದ್ರೂ ಮಲಯಾಳಂ ಸಬ್‌ಟೈಟಲ್ ಬರೆದ್ರು. ಸಾವಿರಾರು ಸಿನಿಮಾ ಆಗಿದೆ. ಅವರಿಗಿರೋ ಕಂಪ್ಯೂಟರ್ರೇ ನಮಗೂ ಇರೋದು.

ಕದ್ದು ಮಾಡಬೇಕಾಗೂ ಇಲ್ಲ. ಚಿತ್ರಸಮಾಜಗಳು ಸಿನಿಮಾ ತರಿಸೋದು ರಾಯಭಾರ ಕಚೇರಿ, ಸಾಂಸ್ಕೃತಿಕ ಕೇಂದ್ರ, ವಿತರಕರಿಂದ. ಸಿನಿಮಾ ಕೇಳಿ ಬರೆಯೋ ಅದೇ ಪತ್ರದಲ್ಲಿ "ಮಾತಿನ ಪಟ್ಟಿಯನ್ನೂ ಕಳಿಸಿ, ಈ ಪ್ರದರ್ಶನಕ್ಕೆ ಕನ್ನಡ ಸಾಲು ಹಾಕೋಕೆ ಒಪ್ಪಿಗೆ ಕೊಡಿ" ಅಂತ ಒಂದು ವಾಕ್ಯ ಸೇರಿಸಿದ್ರೆ ಯಾರು ಬೇಡ ಅಂತಾರೆ?

ಒಂದೇ ಒಂದು ಷರತ್ತು. ಆ ಕನ್ನಡ ಗ್ರಂಥದ ಕನ್ನಡ ಆಗಬಾರದು. "ಓ ಮಿತ್ರನೇ, ವಾಹನವನ್ನು ಹಿಂದಕ್ಕೆ ಚಲಾಯಿಸು" ಅಂತ ಬರೆದ್ರೆ ಅಪ್ಪ ಎದ್ದು ಹೋಗ್ತಾರೆ, ನಾನೂ ಹೋಗ್ತೀನಿ. "ರಿವರ್ಸ್ ಬಾ, ಬಾ, ಬಾ... ಸಾಕ್ ಸಾಕ್" ಅಂತಿರಬೇಕು. ಓದೋಕೆ ಸಿಗೋದು ಎರಡು ಮೂರು ಸೆಕೆಂಡು. ಐದನೇ ಕ್ಲಾಸ್ ಓದಿದ ಕಣ್ಣಿಗೂ ದಕ್ಕಬೇಕು. ಓದೋಕೇ ಬರದವರ ಮಾತೇನು ಅಂತ ನೀವು ಕೇಳಬಹುದು. ಕೇಳಲೇಬೇಕು. ಅವರಿಗೆ ಡಬ್ಬಿಂಗೇ ಬೇಕು. ಹಾಗಂತ ಓದೋಕೆ ಬರೋರಿಗೂ ಕೊಡದೆ ಕೂರೋದು ನ್ಯಾಯವಲ್ಲ.

ನಾನು ಶುರು ಮಾಡಿದ್ದೀನಿ. ಇದೇ ಸಿನಿಮಾ, ಮೊದಲ ಒಂದು ಗಂಟೆ, ಬಾರಿನ ಜಗುಲಿ ಮೇಲಿನ ಮಾತುಗಳು. ಇಲ್ಲಿವರೆಗೆ ನೂರಾ ಹತ್ತು ಸಾಲು ಆಗಿದೆ. ಲಾರಿ ಭಾಗದ ಮಾತಿಗೆ ಅಪ್ಪನಿಗೆ ಫೋನ್ ಮಾಡ್ತೀನಿ. "ಇದಕ್ಕೆ ನಿಮ್ ಕಡೆ ಡ್ರೈವರುಗಳು ಏನಂತಿದ್ರಪ್ಪಾ?" ಅಂದ್ರೆ ಅರ್ಧ ಗಂಟೆ ಮಾತಾಡ್ತಾರೆ. ಮುಗಿದ ಮೇಲೆ ಆ ಚಿತ್ರಸಮಾಜಕ್ಕೆ ತಗೊಂಡು ಹೋಗ್ತೀನಿ. ಬೇಡ ಅಂದ್ರೆ ಯಾಕೆ ಬೇಡ ಅಂತ ಕನ್ನಡದಲ್ಲಿ ಹೇಳಲಿ.

ಇಟಾಲಿಯನ್ ಬರೋರು, ಜರ್ಮನ್ ಬರೋರು, ಜಪಾನಿ ಕಲಿತೋರು ನಮ್ಮಲ್ಲೇ ಎಷ್ಟು ಜನ ಇದ್ದೀರಿ. ನಿಮಗಿಷ್ಟವಾದ ಒಂದೇ ಒಂದು ಸಿನಿಮಾ ತಗೊಳ್ಳಿ. ಅದರ ಬಗ್ಗೆ ಇನ್ನೊಂದು ವಿಮರ್ಶೆ ಬರೆಯೋ ಬದಲು ಅದರ ಮಾತನ್ನೇ ಬರೀರಿ. ಯಾರು ಯಾವುದನ್ನ ತಗೋತೀರಿ, ಹೇಳಿ.